ಮರಳು ಚವರದ್ದು, ಮ್ಯಾಗ್ನೆಟ್ ಚೀನಾದ್ದು: ನಡುವೆ ಏನಾಯಿತು?

ಒಂದು ಎಲೆಕ್ಟ್ರಿಕ್ ಕಾರಿನ ಮೋಟಾರಿನಲ್ಲಿರುವ ಮ್ಯಾಗ್ನೆಟ್‌ಗಳ ತೂಕ ಹೆಚ್ಚೆಂದರೆ ಒಂದೆರಡು ಕಿಲೋ. ಸ್ಕೂಟರ್‌ನಲ್ಲಿ ಇನ್ನೂ ಕಡಿಮೆ. ಕಾರಿನ ಒಟ್ಟು ಬೆಲೆಯಲ್ಲಿ ಅದರ ಪಾಲು ಲೆಕ್ಕಕ್ಕೇ ಬಾರದಷ್ಟು ಸಣ್ಣದು. ಆದರೆ ಅದಿಲ್ಲದಿದ್ದರೆ ಕಾರು ಶೋರೂಂಗೆ ಬರುವುದಿಲ್ಲ, ಅಷ್ಟೇ.

ಇದು ಜಗತ್ತಿಗೆ ಸರಿಯಾಗಿ ಅರ್ಥವಾದದ್ದು 2025ರಲ್ಲಿ. ಆ ವರ್ಷದ ಎಪ್ರಿಲ್ 4ರಂದು ಚೀನಾ ಸರಕಾರ ಏಳು ಲೋಹಗಳ ರಫ್ತಿಗೆ ಪರವಾನಿಗೆ ಕಡ್ಡಾಯ ಮಾಡಿತು. ಸಮೇರಿಯಂ, ಗ್ಯಾಡೊಲಿನಿಯಂ, ಟರ್ಬಿಯಂ, ಡಿಸ್ಪ್ರೋಸಿಯಂ, ಲುಟೇಶಿಯಂ, ಸ್ಕ್ಯಾಂಡಿಯಂ, ಯಿಟ್ರಿಯಂ. ಶಾಲೆಯಲ್ಲಿ ಪೀರಿಯಾಡಿಕ್ ಟೇಬಲ್‌ನ ಕೆಳಗೆ ಬೇರೆಯಾಗಿ ಬರೆದ ಸಾಲು ನೆನಪಿದೆಯಾ? ಪರೀಕ್ಷೆಗೆ ಬರುವುದಿಲ್ಲ ಅಂತ ನಾವು ಬಿಟ್ಟುಬಿಡುತ್ತಿದ್ದ ಆ ಸಾಲಿನವರೇ ಇವರಲ್ಲಿ ಹೆಚ್ಚಿನವರು. ಟ್ರಂಪ್ ಸುಂಕ ಹಾಕಿದ್ದಕ್ಕೆ ಚೀನಾ ಕೊಟ್ಟ ಉತ್ತರ ಇದು. ಕೆಲವೇ ವಾರಗಳಲ್ಲಿ ಫೋರ್ಡ್‌ನ ಶಿಕಾಗೋ ಕಾರ್ಖಾನೆ ಒಂದು ವಾರ ನಿಂತಿತು. ಜಪಾನಿನಲ್ಲಿ ಸುಝುಕಿ ಕಂಪನಿ ಸ್ವಿಫ್ಟ್ ತಯಾರಿ ನಿಲ್ಲಿಸಿತು. ನಮ್ಮಲ್ಲಿ ಬಜಾಜ್‌ನ ಎಲೆಕ್ಟ್ರಿಕ್ ಚೇತಕ್ ಉತ್ಪಾದನೆಗೆ ಹೊಡೆತ ಬಿತ್ತು. ಭಾರತದ ಕಂಪನಿಗಳು "ಈ ಮ್ಯಾಗ್ನೆಟ್ ಸೇನೆಯ ಕೆಲಸಕ್ಕೆ ಬಳಸುವುದಿಲ್ಲ" ಎಂದು ಮುಚ್ಚಳಿಕೆ ಬರೆದು, ಸೀಲ್ ಹಾಕಿಸಿ, ಬೀಜಿಂಗ್‌ಗೆ ಅರ್ಜಿ ಕಳುಹಿಸಿ ತಿಂಗಳುಗಟ್ಟಲೆ ಕಾದವು.

ಆಗ ವಾಟ್ಸ್‌ಆ್ಯಪ್‌ನಲ್ಲಿ ಒಂದು ಮೆಸೇಜ್ ಜೋರಾಗಿ ಓಡಿತು. ಈ ರೇರ್ ಅರ್ತ್ ಖನಿಜಗಳ ನಿಕ್ಷೇಪದಲ್ಲಿ ಭಾರತ ಜಗತ್ತಿನಲ್ಲೇ ಮೂರನೇ ಸ್ಥಾನದಲ್ಲಿದೆ, ಇನ್ನು ಚೀನಾದ ಆಟ ನಡೆಯುವುದಿಲ್ಲ ಅಂತ. ಮೊದಲಿನ ಅರ್ಧ ಸುಳ್ಳಲ್ಲ. ಅಮೆರಿಕದ ಭೂಗರ್ಭ ಸರ್ವೇಕ್ಷಣಾ ಸಂಸ್ಥೆಯ ಲೆಕ್ಕದಲ್ಲಿ ಚೀನಾದಲ್ಲಿ 4.4 ಕೋಟಿ ಟನ್, ಬ್ರೆಝಿಲ್‌ನಲ್ಲಿ 2.1 ಕೋಟಿ ಟನ್, ಭಾರತದಲ್ಲಿ 69 ಲಕ್ಷ ಟನ್. ಸರಿ, ನಾವು ಮೂರನೆಯವರು. ಅದೇ ಸಂಸ್ಥೆಯ ಇನ್ನೊಂದು ಪಟ್ಟಿಯನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡಲಿಲ್ಲ. 2024ರಲ್ಲಿ ಚೀನಾ ತೆಗೆದದ್ದು 2,70,000 ಟನ್. ಭಾರತ ತೆಗೆದದ್ದು ಸುಮಾರು 2,900 ಟನ್.

ಇನ್ನು ತೆಗೆದದ್ದನ್ನು ಶುದ್ಧ ಮಾಡುವ ಕೆಲಸಕ್ಕೆ ಬಂದರೆ ಜಗತ್ತಿನ ಸುಮಾರು ಶೇ. 90 ಚೀನಾದ ಕೈಯಲ್ಲಿದೆ. ಅದರಿಂದ ಮ್ಯಾಗ್ನೆಟ್ ಮಾಡುವುದರಲ್ಲೂ ಶೇ. 90ಕ್ಕಿಂತ ಹೆಚ್ಚು ಅವರದ್ದೇ. ಮೆಸೇಜ್ ಬರೆದವರು ನೋಡದೇ ಹೋದದ್ದು ಇಲ್ಲಿಯೇ.

ಗೇರುಬೀಜದ ಲೆಕ್ಕ

ಕರಾವಳಿಯವರಿಗೆ ಇದನ್ನು ಹೇಳಲು ದೂರದ ಉದಾಹರಣೆ ಬೇಡ. ಹಸಿ ಗೇರುಬೀಜ ಜಗತ್ತಿನಲ್ಲಿ ಅತಿ ಹೆಚ್ಚು ಬೆಳೆಯುವುದು ಆಫ್ರಿಕಾದ ಐವರಿ ಕೋಸ್ಟ್‌ನಲ್ಲಿ. ಆದರೆ ಗೋಡಂಬಿ ಅಂದಾಗ ಯಾರಿಗಾದರೂ ಐವರಿ ಕೋಸ್ಟ್ ನೆನಪಾಗುತ್ತದಾ? ಅಲ್ಲಿನ ಬೀಜ ಹಡಗು ಹತ್ತಿ ವಿಯೆಟ್ನಾಂಗೆ ಹೋಗುತ್ತದೆ, ಕೊಲ್ಲಂಗೆ ಬರುತ್ತದೆ, ಮಂಗಳೂರಿಗೆ ಬರುತ್ತದೆ. ಇಲ್ಲಿ ಬೇಯಿಸಿ, ಒಡೆದು, ಸಿಪ್ಪೆ ತೆಗೆದು, ಗ್ರೇಡ್ ಮಾಡಿ ಪೆಟ್ಟಿಗೆಗೆ ತುಂಬಿದವನ ಹೆಸರಿನಲ್ಲಿ ಅದು ಮಾರಾಟವಾಗುತ್ತದೆ. ಬೆಳೆದವನಿಗೆ ಸಿಗುವುದು ಕನಿಷ್ಠ. ನಡುವಿನ ಆ ಕೆಲಸ ಸುಲಭದ್ದಲ್ಲ, ಗೇರುಬೀಜದ ಎಣ್ಣೆ ತಾಗಿ ಕೈಯ ಚರ್ಮ ಸುಡುವುದು ಕಾರ್ಖಾನೆಗೆ ಹೋದ ಹೆಂಗಸರಿಗೆ ಗೊತ್ತು. ಆದರೆ ಆ ಸುಡುವ ಕೆಲಸವನ್ನು ಯಾರು ಕಲಿತರೋ ಅವರ ಕೈಗೆ ಮಾರುಕಟ್ಟೆ ಬಂತು.

ನಿರ್ಣಾಯಕ ಖನಿಜಗಳ ವಿಷಯವೂ ಬಹುತೇಕ ಇದೇ. ಭಾರತ ಸರಕಾರ 2023ರಲ್ಲಿ ಇಂತಹ 30 ಖನಿಜಗಳ ಪಟ್ಟಿ ಮಾಡಿದೆ. ಲೀಥಿಯಂ, ಕೋಬಾಲ್ಟ್, ನಿಕ್ಕೆಲ್, ಗ್ರಾಫೈಟ್, ರೇರ್ ಅರ್ತ್ ಎಲ್ಲ ಅದರಲ್ಲಿವೆ. ಮೊಬೈಲ್, ಬ್ಯಾಟರಿ, ಗಾಳಿಯಂತ್ರ, ಕ್ಷಿಪಣಿ, ಆಸ್ಪತ್ರೆಯ ಎಂಆರ್‌ಐ ಯಂತ್ರ, ಯಾವುದೂ ಇವುಗಳಿಲ್ಲದೆ ನಡೆಯುವುದಿಲ್ಲ. ಹೆಚ್ಚಿನವು ನಾವು ಅಂದುಕೊಂಡಷ್ಟು ಅಪರೂಪದವಲ್ಲ. ರೇರ್ ಅರ್ತ್ ಎಂಬ ಹೆಸರೇ ದಾರಿ ತಪ್ಪಿಸುವಂಥದ್ದು. ಆ ಗುಂಪಿನ ಸೀರಿಯಂ ಭೂಮಿಯ ಮೇಲ್ಪದರದಲ್ಲಿ ಹೆಚ್ಚುಕಡಿಮೆ ತಾಮ್ರದಷ್ಟೇ ಉಂಟು. ಅಪರೂಪವಾದದ್ದು ಅದನ್ನು ಬೇರ್ಪಡಿಸುವ ವಿದ್ಯೆ, ಮತ್ತು ಅದರ ಗಲೀಜನ್ನು ಹೊತ್ತುಕೊಳ್ಳಲು ಒಪ್ಪುವ ಊರು.

ಗ್ಯಾಸ್‌ಲೈಟಿನ ಕಾಲದಿಂದ

ಈ ಕತೆಯಲ್ಲಿ ನಮ್ಮ ಕರಾವಳಿ ಇಂದು ನಿನ್ನೆ ಬಂದದ್ದಲ್ಲ. ಕಾಸರಗೋಡಿನಿಂದ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿ ತಿರುವನಂತಪುರದ ಕಡೆ ಹೋಗುವಾಗ ಕಾಯಂಕುಲಂ ದಾಟಿದ ಮೇಲೆ ಕರುನಾಗಪ್ಪಳ್ಳಿ ಸ್ಟೇಷನ್ ಸಿಗುತ್ತದೆ. ಅಲ್ಲಿಂದ ಪಡುವಣಕ್ಕೆ, ಕೊಲ್ಲಂವರೆಗಿನ ಕಡಲ ತೀರದಲ್ಲಿ ಚವರ ಎಂಬ ಊರು. ಅಲ್ಲಿನ ಮರಳು ಕಪ್ಪು. ಅದರಲ್ಲಿ ಇಲ್ಮನೈಟ್ ಇದೆ, ಮನೆಯ ಗೋಡೆಗೆ ಬಳಿಯುವ ಬಿಳಿ ಪೈಂಟ್‌ನ ಬಿಳುಪು ಬರುವುದು ಅದರಿಂದ. ಜೊತೆಗೆ ಮೊನಜೈಟ್ ಇದೆ. ರೇರ್ ಅರ್ತ್ ಇರುವುದು ಈ ಮೊನಜೈಟ್‌ನೊಳಗೆ.

1909ರಲ್ಲಿ ಶೋಂಬರ್ಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ತಿರುವಾಂಕೂರಿನಿಂದ ಬಂದ ತೆಂಗಿನ ನಾರಿಗೆ ಅಂಟಿದ್ದ ಮರಳನ್ನು ಪರೀಕ್ಷಿಸಿ ಮೊನಜೈಟನ್ನು ಗುರುತಿಸಿದ. ಜರ್ಮನರಿಗೆ ಆಗ ಅದು ಏಕೆ ಬೇಕಿತ್ತು ಗೊತ್ತಾ? ಗ್ಯಾಸ್‌ಲೈಟಿನ ಮ್ಯಾಂಟಲ್‌ಗೆ. ಹೌದು, ಕರೆಂಟ್ ಇಲ್ಲದ ಕಾಲದಲ್ಲಿ ಮದುವೆಯ ಚಪ್ಪರದಲ್ಲಿ ಸೊಂಯ್ ಎಂದು ಉರಿಯುತ್ತಿದ್ದ ಪೆಟ್ರೋಮ್ಯಾಕ್ಸ್‌ನೊಳಗಿನ ಆ ಬಿಳಿ ಬಲೆಯ ಚೀಲ. ಅದರ ಬೆಳಕು ಶೇ. 99 ಥೋರಿಯಂ ಆಕ್ಸೈಡ್ ಮತ್ತು ಶೇ. 1 ಸೀರಿಯಂ ಆಕ್ಸೈಡ್‌ನದ್ದು. ಎರಡೂ ಮೊನಜೈಟ್‌ನಿಂದ ಬರುತ್ತವೆ.

ಆ ಮ್ಯಾಂಟಲ್ ಕಂಡುಹಿಡಿದವರು ಆಸ್ಟ್ರಿಯಾದ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಖ್. ಇದೇ ಮನುಷ್ಯ 1885ರಲ್ಲಿ ಒಂದೇ ಧಾತು ಎಂದು ಎಲ್ಲರೂ ನಂಬಿದ್ದ ವಸ್ತುವನ್ನು ಎರಡಾಗಿ ಬೇರ್ಪಡಿಸಿ ತೋರಿಸಿದ್ದರು. ನಿಯೋಡಿಮಿಯಂ ಮತ್ತು ಪ್ರೇಸಿಯೋಡಿಮಿಯಂ. ಇಂದು ಎಲೆಕ್ಟ್ರಿಕ್ ಕಾರಿನ ಮ್ಯಾಗ್ನೆಟ್ ಆಗುವುದು ಇವೇ ಎರಡು. ಅಂದರೆ ಮದುವೆ ಮನೆಯ ಗ್ಯಾಸ್‌ಲೈಟಿಗೂ ಇಂದಿನ ಸ್ಕೂಟರಿನ ಮೋಟಾರಿಗೂ ನೆಂಟಸ್ತಿಕೆ ಹಳೆಯದು.

ಅಣುಬಾಂಬಿನ ನಂತರ ಥೋರಿಯಂನ ಬೆಲೆ ಎಲ್ಲರಿಗೂ ಗೊತ್ತಾಯಿತು. 1951ರಲ್ಲಿ ಭಾರತ ಅಮೆರಿಕದ ಬಳಿ ಗೋಧಿಗೆ ಸಾಲ ಕೇಳಿದಾಗ, ಬದಲಿಗೆ ಮೊನಜೈಟ್ ಕೊಡಲಿ ಎಂಬ ಮಾತು ಅಲ್ಲಿನ ಕಾಂಗ್ರೆಸ್‌ನಲ್ಲಿ ಎದ್ದಿತ್ತು. ನೆಹರೂ ಸರಕಾರ ಒಪ್ಪಲಿಲ್ಲ. 1950ರಲ್ಲೇ ಇಂಡಿಯನ್ ರೇರ್ ಅರ್ತ್ಸ್ ಎಂಬ ಕಂಪನಿ ಹುಟ್ಟಿತ್ತು, 1952ರಲ್ಲಿ ಎರ್ನಾಕುಲಂ ಪಕ್ಕದ ಆಲುವದಲ್ಲಿ ಮೊನಜೈಟ್ ಸಂಸ್ಕರಿಸುವ ಘಟಕ ಶುರುವಾಯಿತು. ಚೀನಾ ಈ ರಂಗಕ್ಕೆ ಇಳಿಯುವ ಎಷ್ಟೋ ವರ್ಷ ಮೊದಲು ಎಂಬುದನ್ನು ಗಮನಿಸಬೇಕು. ಓಟ ಶುರುವಾಗುವಾಗ ನಾವು ಮುಂದೆಯೇ ನಿಂತಿದ್ದೆವು.

ಮತ್ತೆ ಹಿಂದೆ ಬಿದ್ದದ್ದು ಹೇಗೆ? ಥೋರಿಯಂ ವಿಕಿರಣ ಸೂಸುವ ವಸ್ತು, ಅಣುಶಕ್ತಿಗೆ ಬೇಕಾದದ್ದು. ಆದ್ದರಿಂದ ಮೊನಜೈಟ್ ಅಣುಶಕ್ತಿ ಇಲಾಖೆಯ ಬೀಗದೊಳಗೆ ಸೇರಿತು. ಖಾಸಗಿಯವರು ಮುಟ್ಟುವ ಹಾಗಿಲ್ಲ. ಇಲಾಖೆಗೆ ಬೇಕಿದ್ದದ್ದು ಥೋರಿಯಂ, ಉಳಿದದ್ದು ಅದರ ಪಾಲಿಗೆ ಉಪ ಉತ್ಪನ್ನ. ಬೀಗ ಹಾಕಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ, ವಿಕಿರಣದ ವಸ್ತುವನ್ನು ಸಿಕ್ಕಸಿಕ್ಕವರಿಗೆ ಕೊಡಲು ಆಗುವುದೂ ಇಲ್ಲ. ಆದರೆ ಆ ಬೀಗದ ಹೊರಗೆ ಲೋಹ ಮಾಡುವವರು, ಮ್ಯಾಗ್ನೆಟ್ ಮಾಡುವವರು, ಮೋಟಾರ್ ಮಾಡುವವರು ಯಾರೂ ಬೆಳೆಯಲಿಲ್ಲ. ಕೊನೆಗೆ 2012ರ ಒಪ್ಪಂದದ ಪ್ರಕಾರ ನಮ್ಮ ರೇರ್ ಅರ್ತ್ ಜಪಾನಿಗೆ ಹೋಗತೊಡಗಿತು, ಇಲ್ಲಿ ಕೊಳ್ಳುವ ಕಾರ್ಖಾನೆ ಇರಲಿಲ್ಲವಲ್ಲ. 2025ರ ಜೂನ್‌ನಲ್ಲಿ ಚೀನಾದ ಬಿಸಿ ತಟ್ಟಿದ ಮೇಲೆ ಅದನ್ನು ನಿಲ್ಲಿಸಲು ದಿಲ್ಲಿಯಿಂದ ಸೂಚನೆ ಹೋಗಿದೆ ಎಂದು ರಾಯ್ಟರ್ಸ್ ವರದಿ ಮಾಡಿತು.

ಬೆಳ್ತಿಗೆಯಿಂದ ಬೆಳ್ತಿಗೆ ಆರಿಸುವುದು

ಇನ್ನು ಆ ನಡುವಿನ ಕೆಲಸ ಎಷ್ಟು ಕಷ್ಟದ್ದು ನೋಡಿ. ಕುಚ್ಚಲಕ್ಕಿಗೆ ಬೆಳ್ತಿಗೆ ಬೆರೆತರೆ ಮನೆಯಲ್ಲಿ ಕೂತು ಆರಿಸಬಹುದು. ಎರಡು ಜಾತಿಯ ಬೆಳ್ತಿಗೆ ಬೆರೆತರೆ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ. ರೇರ್ ಅರ್ತ್‌ನಲ್ಲಿ ಹದಿನೇಳು ಧಾತುಗಳು, ಅದಿರಿನಲ್ಲಿ ಒಟ್ಟೊಟ್ಟಿಗೆ ಇರುತ್ತವೆ, ರಾಸಾಯನಿಕ ಗುಣದಲ್ಲಿ ಅವಳಿ ಜವಳಿಗಳು. ಅದಿರನ್ನು ಆಸಿಡ್ ಅಥವಾ ಕ್ಷಾರದಲ್ಲಿ ಕರಗಿಸಿ, ಸೀಮೆಎಣ್ಣೆಯಂತಹ ದ್ರಾವಕದ ಜೊತೆ ಕಲಕುತ್ತಾರೆ. ಒಂದು ಧಾತು ನೀರಿಗಿಂತ ಎಣ್ಣೆಯ ಕಡೆಗೆ ಕೂದಲೆಳೆಯಷ್ಟು ಹೆಚ್ಚು ವಾಲುತ್ತದೆ. ಆ ಎಣ್ಣೆಯನ್ನು ಬೇರೆ ಮಾಡಿ ಮತ್ತೆ ಕಲಕಬೇಕು. ಮತ್ತೆ. ಮತ್ತೆ. ಸಾಲಾಗಿ ಇಟ್ಟ ನೂರಾರು ತೊಟ್ಟಿಗಳಲ್ಲಿ ಇದು ನಡೆದ ಮೇಲೆ ಒಂದು ಧಾತು ಶುದ್ಧವಾಗಿ ಕೈಗೆ ಬರುತ್ತದೆ. ನಂತರ ಅದನ್ನು ಲೋಹ ಮಾಡಬೇಕು, ಕಬ್ಬಿಣ ಮತ್ತು ಬೋರಾನ್ ಜೊತೆ ಮಿಶ್ರ ಮಾಡಬೇಕು, ಪುಡಿ ಮಾಡಿ ಒತ್ತಿ ಕಾಯಿಸಬೇಕು. ಆಗ ಮ್ಯಾಗ್ನೆಟ್.

1970ರ ದಶಕದಲ್ಲಿ ಪೀಕಿಂಗ್ ವಿಶ್ವವಿದ್ಯಾನಿಲಯದ ಷೂ ಗ್ವಾಂಗ್‌ಷಿಯಾನ್ ಎಂಬ ಪ್ರೊಫೆಸರ್ ಈ ತೊಟ್ಟಿಗಳ ಲೆಕ್ಕಾಚಾರಕ್ಕೆ ಒಂದು ಸಿದ್ಧಾಂತ ಕೊಟ್ಟರು. ಎಷ್ಟು ತೊಟ್ಟಿ, ಎಷ್ಟು ಆಸಿಡ್, ಎಷ್ಟು ಎಣ್ಣೆ ಎಂದು ಮೊದಲೇ ಕಾಗದದಲ್ಲಿ ಹೇಳಬಹುದಾಯಿತು. ಚೀನಾದ ಬೆಲೆ ಇಳಿಯತೊಡಗಿತು. ಆ ಹೊತ್ತಿಗೆ ಈ ಉದ್ಯಮದ ರಾಜ ಅಮೆರಿಕ. ಕ್ಯಾಲಿಫೋರ್ನಿಯಾದ ಮೌಂಟನ್ ಪಾಸ್ ಗಣಿಯೇ ಜಗತ್ತಿಗೆ ರೇರ್ ಅರ್ತ್ ಕೊಡುತ್ತಿತ್ತು. ನಿಯೋಡಿಮಿಯಂ ಮ್ಯಾಗ್ನೆಟ್ ಹುಟ್ಟಿದ್ದು 1980ರ ದಶಕದ ಆರಂಭದಲ್ಲಿ, ಜಪಾನಿನ ಸುಮಿಟೊಮೊದಲ್ಲಿ ಮತ್ತು ಅಮೆರಿಕದ ಜನರಲ್ ಮೋಟಾರ್ಸ್‌ನಲ್ಲಿ, ಬಹುತೇಕ ಒಟ್ಟಿಗೆ. ಆದರೆ ಜನರಲ್ ಮೋಟಾರ್ಸ್ ತನ್ನ ಮ್ಯಾಗ್ನೆಟ್ ಕಂಪನಿ ಮ್ಯಾಗ್ನೆಕ್ವೆಂಚ್ ಅನ್ನು 1995ರಲ್ಲಿ ಚೀನಾದ ಕಂಪನಿಗಳೂ ಸೇರಿದ ಒಂದು ಕೂಟಕ್ಕೆ ಮಾರಿತು. ಕೆಲವು ವರ್ಷಗಳಲ್ಲಿ ಯಂತ್ರಗಳು ಅಲ್ಲಿಗೆ ಹೋದವು. ಮೌಂಟನ್ ಪಾಸ್ 2002ರಲ್ಲಿ ಮುಚ್ಚಿತು. ಒಂದು ಕಡೆ ಚೀನಾದ ಅಗ್ಗದ ಮಾಲು, ಇನ್ನೊಂದು ಕಡೆ ಪೈಪ್ ಸೋರಿ ಮರುಭೂಮಿಗೆ ಹರಿದ ವಿಷದ ನೀರಿನ ಕೇಸು.

ಯಾರೂ ಅವರಿಂದ ಕಿತ್ತುಕೊಂಡದ್ದಲ್ಲ, ಮಾರಾಯ್ರೆ. ಗಲೀಜಿನ ಕೆಲಸ, ಲಾಭ ಕಡಿಮೆ, ಚೀನಾದವರು ಮಾಡಿಕೊಳ್ಳಲಿ ಅಂತ ಬಿಟ್ಟುಕೊಟ್ಟದ್ದು.

2010ರಲ್ಲಿ ಮೊದಲ ಎಚ್ಚರಿಕೆ ಬಂತು. ಸಮುದ್ರದಲ್ಲಿ ಒಂದು ಮೀನುಗಾರಿಕಾ ದೋಣಿಯ ಜಗಳ, ಚೀನಾದಿಂದ ಜಪಾನಿಗೆ ಹೋಗುವ ರೇರ್ ಅರ್ತ್ ಬಂದರಿನಲ್ಲೇ ನಿಂತಿತು. ಜಪಾನ್ ಪಾಠ ಕಲಿಯಿತು. ಆಸ್ಟ್ರೇಲಿಯಾದ ಲೈನಸ್ ಕಂಪನಿಗೆ ಹಣ ಹಾಕಿತು, ದಾಸ್ತಾನು ಮಾಡಿತು, ಹಳೆಯ ಮೋಟಾರುಗಳಿಂದ ಲೋಹ ತೆಗೆಯಲು ಶುರು ಮಾಡಿತು. ಇಷ್ಟೆಲ್ಲ ಆಗಿ ಹದಿನೈದು ವರ್ಷದ ನಂತರವೂ ಅದರ ಬೇಡಿಕೆಯ ಅರ್ಧಕ್ಕಿಂತ ಹೆಚ್ಚು ಚೀನಾದಿಂದಲೇ ಬರುತ್ತದೆ. ಎರಡು ವರ್ಷದಲ್ಲಿ ಸ್ವಾವಲಂಬನೆ ಎಂದು ಟಿವಿಯಲ್ಲಿ ಕೂಗುವವರು ಜಪಾನಿನ ಕಡೆ ಒಮ್ಮೆ ನೋಡಬೇಕು.

ಗಲೀಜು ಯಾರ ಅಂಗಳದಲ್ಲಿ?

ಚೀನಾದ ಬಾವೊಟೋ ನಗರದ ಹೊರಗೆ ಈ ಕೆಲಸದ ಕಸ ಹೋಗಿ ನಿಲ್ಲುವ ದೊಡ್ಡ ಕೆರೆ ಇದೆ. ಸುತ್ತಲಿನ ಹಳ್ಳಿಗಳ ಬಾವಿ ಕೆಟ್ಟಿತು, ಗದ್ದೆ ಕೆಟ್ಟಿತು, ಜನರನ್ನು ಎಬ್ಬಿಸಿ ಬೇರೆಡೆ ಕಳುಹಿಸಲಾಯಿತು. ಸ್ವಂತ ಮಣ್ಣು ಸಾಕಷ್ಟು ಹಾಳಾದ ಮೇಲೆ ಚೀನಾ ತನ್ನ ದಕ್ಷಿಣದ ಬೆಟ್ಟಗಳಲ್ಲಿ ನಿಯಮ ಬಿಗಿ ಮಾಡಿತು. ಆಗ ಅಗೆತ ಗಡಿ ದಾಟಿ ಮ್ಯಾನ್ಮಾರ್‌ನ ಕಚಿನ್ ರಾಜ್ಯಕ್ಕೆ ಹೋಯಿತು. ಮ್ಯಾಗ್ನೆಟ್ ಬಿಸಿಯಲ್ಲೂ ಶಕ್ತಿ ಕಳೆದುಕೊಳ್ಳದಂತೆ ತಡೆಯುವ ಡಿಸ್ಪ್ರೋಸಿಯಂ, ಟರ್ಬಿಯಂ ಅಲ್ಲಿನ ಮಣ್ಣಿನಲ್ಲಿವೆ. ಬೆಟ್ಟಕ್ಕೆ ತೂತು ಕೊರೆದು ಅಮೋನಿಯಂ ಸಲ್ಫೇಟ್ ದ್ರಾವಣ ಸುರಿಯುತ್ತಾರೆ, ಕೆಳಗೆ ಇಳಿದು ಬಂದದ್ದನ್ನು ಹೊಂಡದಲ್ಲಿ ಹಿಡಿಯುತ್ತಾರೆ. ಉಳಿದದ್ದು ತೋಡಿಗೆ. ಕೇಳಲು ಸರಕಾರವೇ ಇಲ್ಲದ ಜಾಗ ಅದು. 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಪಾಂಗ್ವಾ ಪಟ್ಟಣವನ್ನು ಬಂಡುಕೋರ ಸೇನೆ ಹಿಡಿದಾಗ ಜಗತ್ತಿನ ಮ್ಯಾಗ್ನೆಟ್ ಮಾರುಕಟ್ಟೆಯೇ ಉಸಿರು ಬಿಗಿಹಿಡಿಯಿತು.

ಮಲೇಷ್ಯಾದ ಬುಕಿತ್ ಮೇರಾದಲ್ಲಿ ಜಪಾನಿನ ಮಿಟ್ಸುಬಿಷಿ ಪಾಲುದಾರಿಕೆಯ ಒಂದು ಘಟಕವಿತ್ತು. ಊರಿನವರು ಮಕ್ಕಳ ಕಾಯಿಲೆಗೆ ಅದೇ ಕಾರಣ ಎಂದು ಕೋರ್ಟಿಗೆ ಹೋದರು, ವರ್ಷಗಟ್ಟಲೆ ಹೋರಾಡಿದರು. 1994ರಲ್ಲಿ ಅದು ಬಾಗಿಲು ಹಾಕಿತು. ಎಂಡೋಸಲ್ಫಾನ್ ಕಂಡ ಕಾಸರಗೋಡಿನವರಿಗೆ ಇಂತಹ ಹೋರಾಟ ಎಷ್ಟು ಉದ್ದ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇದು ರೇರ್ ಅರ್ತ್ ಒಂದರ ಕತೆಯಲ್ಲ. ಜಗತ್ತಿನ ಕೋಬಾಲ್ಟ್‌ನ ಸುಮಾರು ಮುಕ್ಕಾಲು ಪಾಲು ಬರುವುದು ಆಫ್ರಿಕಾದ ಕಾಂಗೋದಿಂದ. ಕೊಲ್ವೆಝಿ ಸುತ್ತ ಸಾವಿರಾರು ಜನ ಕೈಯಲ್ಲಿ ಸುರಂಗ ತೋಡಿ ಮಣ್ಣು ಕುಸಿದು ಸಾಯುವ ಗಂಡಾಂತರದಲ್ಲಿ ದುಡಿಯುತ್ತಾರೆ. ಆ ಅದಿರು ಹೋಗುವುದು ಚೀನಾದ ರಿಫೈನರಿಗಳಿಗೆ. ಬೆಲೆ ಪಾತಾಳಕ್ಕೆ ಬಿದ್ದಾಗ, 2025ರ ಫೆಬ್ರವರಿಯಲ್ಲಿ ಕಾಂಗೋ ರಫ್ತನ್ನೇ ನಿಲ್ಲಿಸಿತು, ಅಕ್ಟೋಬರ್‌ನಿಂದ ಕೋಟಾ ಇಟ್ಟಿತು. ಬೆಲೆ ಎರಡು ಪಟ್ಟಿಗಿಂತ ಹೆಚ್ಚಾಯಿತು. ಇಂಡೋನೇಷ್ಯಾ ಇನ್ನೊಂದು ದಾರಿ ಹಿಡಿಯಿತು. 2020ರ ಜನವರಿಯಿಂದ ನಿಕ್ಕೆಲ್‌ನ ಕಚ್ಚಾ ಅದಿರು ಹೊರಗೆ ಹೋಗುವಂತಿಲ್ಲ, ಬೇಕಾದವರು ಇಲ್ಲೇ ಬಂದು ಕಾರ್ಖಾನೆ ಹಾಕಿ ಎಂದಿತು. ಚೀನಾದವರು ಬಂದು ಹಾಕಿದರು. ಇಂದು ಜಗತ್ತಿನ ಅರ್ಧಕ್ಕಿಂತ ಹೆಚ್ಚು ನಿಕ್ಕೆಲ್ ಅದೇ ದೇಶದ್ದು, ಕೆಲಸವೂ ಸಿಕ್ಕಿತು. ಕಾರ್ಖಾನೆ ನಡೆಸಲು ಕಲ್ಲಿದ್ದಲು ಸುಟ್ಟ ಹೊಗೆ, ಕೆಂಪಾದ ಕಡಲು ಕೂಡ ಅವರದ್ದೇ ಪಾಲಾಯಿತು.

ಗಲ್ಫ್‌ನಲ್ಲಿರುವ ನಮ್ಮ ಯುವಕರು ಇನ್ನೊಂದು ಸುದ್ದಿ ಗಮನಿಸಬಹುದು. ಜುಬೈಲ್ ಕಡೆ ದುಡಿದವರಿಗೆ ಮಾದೆನ್ ಕಂಪನಿಯ ಹೆಸರು ಹೊಸದಲ್ಲ. ಈಗ ಮೌಂಟನ್ ಪಾಸ್ ಗಣಿಯ ಒಡೆತನದ ಎಂಪಿ ಮೆಟೀರಿಯಲ್ಸ್ ಜೊತೆ ಸೇರಿ ಸೌದಿಯಲ್ಲಿ ರೇರ್ ಅರ್ತ್ ರಿಫೈನರಿ ಕಟ್ಟುವ ಯೋಜನೆಯನ್ನು 2025ರ ನವೆಂಬರ್‌ನಲ್ಲಿ ಅದು ಘೋಷಿಸಿದೆ. ತೈಲದ ದೇಶವೂ ನಡುವಿನ ಕೆಲಸದ ಬೆಲೆ ಅರಿತಿದೆ. ಪೆಟ್ರೋಕೆಮಿಕಲ್ ಘಟಕದಲ್ಲಿ ಕೆಲಸ ಕಲಿತವರಿಗೆ ಈ ದ್ರಾವಕ, ಆಸಿಡ್, ತೊಟ್ಟಿಗಳ ಲೋಕ ತೀರಾ ಅಪರಿಚಿತ ಏನಲ್ಲ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಮೆಟಲರ್ಜಿ ವಿಭಾಗ ಇದೆ. ಸೀಟ್ ಹಂಚುವಾಗ ಕಂಪ್ಯೂಟರ್ ಸಯನ್ಸ್ ಸಿಗದವರು ಮುಖ ಸಣ್ಣ ಮಾಡಿಕೊಂಡು ಸೇರುವ ವಿಭಾಗ ಎಂಬ ಹೆಸರು ಅದಕ್ಕೆ ಇನ್ನು ಎಷ್ಟು ದಿನ ಇರುತ್ತದೋ ನೋಡಬೇಕು.

ಲೆಕ್ಕ ಎಲ್ಲಿ ನಿಲ್ಲುತ್ತದೆ

ಭಾರತವೂ ಸುಮ್ಮನೆ ಕೂತಿಲ್ಲ. 2025ರ ಜನವರಿಯಲ್ಲಿ ರಾಷ್ಟ್ರೀಯ ನಿರ್ಣಾಯಕ ಖನಿಜ ಮಿಷನ್‌ಗೆ 16,300 ಕೋಟಿ ರೂಪಾಯಿಗೆ ಒಪ್ಪಿಗೆ ಸಿಕ್ಕಿತು. ನವೆಂಬರ್‌ನಲ್ಲಿ ಮ್ಯಾಗ್ನೆಟ್ ಕಾರ್ಖಾನೆಗಳಿಗಾಗಿಯೇ 7,280 ಕೋಟಿಯ ಯೋಜನೆ ಬಂತು, ಗುರಿ ವರ್ಷಕ್ಕೆ 6,000 ಟನ್ ಮ್ಯಾಗ್ನೆಟ್. ಹೊಸ ನಿಕ್ಷೇಪಗಳ ಸುದ್ದಿಯೂ ಬರುತ್ತಿರುತ್ತದೆ, ಅದನ್ನು ಸ್ವಲ್ಪ ಉಪ್ಪು ಹಾಕಿಕೊಂಡೇ ಕೇಳಬೇಕು. ಮಂಡ್ಯದ ಮಾರ್ಲಗಲ್ಲದ ಲೀಥಿಯಂ ಬಗ್ಗೆ ಎಷ್ಟು ಗದ್ದಲವಾಯಿತು! ಅಧಿಕೃತ ಅಂದಾಜು 1,600 ಟನ್, ಅದೂ ಪ್ರಾಥಮಿಕ ಹಂತದ್ದು. ಚಿಲಿ ದೇಶ 2024ರ ಒಂದೇ ವರ್ಷದಲ್ಲಿ ತೆಗೆದದ್ದು 49,000 ಟನ್. ಜಮ್ಮುವಿನ ರಿಯಾಸಿಯಲ್ಲಿ 59 ಲಕ್ಷ ಟನ್ ಎಂದಿದ್ದು ಅದಿರಿನ ತೂಕ, ಲೀಥಿಯಂನದ್ದಲ್ಲ. ಅದರ ಹರಾಜಿಗೆ ಸಾಕಷ್ಟು ಜನ ಬಾರದೆ ರದ್ದಾಯಿತು.

ಮ್ಯಾಗ್ನೆಟ್ ಯೋಜನೆಯ ಲೆಕ್ಕವನ್ನೇ ನೋಡೋಣ. ಮ್ಯಾಗ್ನೆಟ್‌ನ ತೂಕದಲ್ಲಿ ಸುಮಾರು ಮೂರನೇ ಒಂದು ಪಾಲು ರೇರ್ ಅರ್ತ್. 6,000 ಟನ್ ಮ್ಯಾಗ್ನೆಟ್‌ಗೆ ಹತ್ತಿರಹತ್ತಿರ 2,000 ಟನ್ ಬೇಕು. ಈಗ ಐಆರ್‌ಇಎಲ್ ಎಂದು ಹೆಸರಾದ ನಮ್ಮ ಸರಕಾರಿ ಕಂಪನಿಯ ನಿಯೋಡಿಮಿಯಂ, ಪ್ರೇಸಿಯೋಡಿಮಿಯಂ ಆಕ್ಸೈಡ್ ತಯಾರಿಸುವ ಸಾಮರ್ಥ್ಯ ವರ್ಷಕ್ಕೆ 500 ಟನ್ ಆಸುಪಾಸು. ಡಿಸ್ಪ್ರೋಸಿಯಂ ಮತ್ತು ಟರ್ಬಿಯಂ ನಮ್ಮ ಕಡಲ ಮರಳಿನಲ್ಲಿ ತೀರಾ ಕಡಿಮೆ, ಅದನ್ನು ಹೊರಗಿನಿಂದಲೇ ತರಬೇಕು. ಚೀನಾ 2025ರ ಅಕ್ಟೋಬರ್‌ನಲ್ಲಿ ಹಾಕಿದ ಇನ್ನಷ್ಟು ಬಿಗಿ ನಿಯಮಗಳನ್ನು ಒಂದು ವರ್ಷಕ್ಕೆ ತಡೆಹಿಡಿದಿದೆ ನಿಜ, ಆದರೆ ಎಪ್ರಿಲ್‌ನ ಪರವಾನಿಗೆ ನಿಯಮ ಹಾಗೆಯೇ ಉಂಟು.

ಹಾಗಾದರೆ ಉಳಿದ ನಿಯೋಡಿಮಿಯಂಗೆ ಹೆಚ್ಚು ಮೊನಜೈಟ್ ಬೇಕು. ಮೊನಜೈಟ್ ಇರುವುದು ಕೇರಳ, ತಮಿಳುನಾಡು, ಆಂಧ್ರ, ಒಡಿಶಾದ ಕಡಲ ತೀರದಲ್ಲಿ. ಚವರದ ಪಕ್ಕದ ಆಲಪ್ಪಾಡ್ ಒಂದು ಬದಿ ಸಮುದ್ರ, ಇನ್ನೊಂದು ಬದಿ ಕಾಲುವೆ, ನಡುವೆ ಹಗ್ಗದಂತಹ ನೆಲ. 2004ರ ಸುನಾಮಿಯಲ್ಲಿ ಕೇರಳದಲ್ಲಿ ಅತಿ ಹೆಚ್ಚು ಜೀವ ಹೋದದ್ದು ಅಲ್ಲಿಯೇ. ಮರಳು ತೆಗೆದು ತೆಗೆದು ತಮ್ಮ ಊರೇ ಕರಗುತ್ತಿದೆ ಎಂದು ಅಲ್ಲಿನ ಮೀನುಗಾರರು 2018ರ ಕೊನೆಯಲ್ಲಿ ಸರದಿ ಉಪವಾಸಕ್ಕೆ ಕೂತರು, 2019ರ ಆರಂಭದಲ್ಲಿ 'ಸೇವ್ ಆಲಪ್ಪಾಡ್' ಇಡೀ ಕೇರಳದ ಮೊಬೈಲ್‌ಗಳಲ್ಲಿ ಹರಿದಾಡಿತು. ಕಡಲ್ಕೊರೆತಕ್ಕೆ ಬೇರೆ ಕಾರಣಗಳೂ ಇವೆ, ತೆಗೆದ ಜಾಗ ತುಂಬಿಸಿ ಕೊಡುತ್ತೇವೆ ಎಂಬುದು ಕಂಪನಿಯ ವಾದ. ಉಪ್ಪಳ, ಉಳ್ಳಾಲದ ಕಡಲ ಬದಿಯಲ್ಲಿ ಮನೆ ಇರುವವರಿಗೆ ಎರಡೂ ಕಡೆಯ ಮಾತು ಎಷ್ಟು ತೂಗುತ್ತದೆ ಎಂದು ಗೊತ್ತು.

ದೇಶಕ್ಕೆ ಮ್ಯಾಗ್ನೆಟ್ ಬೇಕು, ಅದನ್ನು ಅಲ್ಲಗಳೆಯಲಾಗದು. ಆದರೆ 2025ರ ಸೆಪ್ಟಂಬರ್ 8ರಂದು ಕೇಂದ್ರ ಪರಿಸರ ಸಚಿವಾಲಯ ಒಂದು ಆದೇಶ ಹೊರಡಿಸಿದೆ. ಅಣುಶಕ್ತಿ ಖನಿಜಗಳು ಮತ್ತು ನಿರ್ಣಾಯಕ ಖನಿಜಗಳ ಗಣಿ ಯೋಜನೆಗಳಿಗೆ ಇನ್ನು ಸಾರ್ವಜನಿಕ ಅಹವಾಲು ಸಭೆ ಬೇಕಿಲ್ಲ. ಪರಿಸರ ವರದಿ ಬೇಕು, ದಿಲ್ಲಿಯ ತಜ್ಞರ ಸಮಿತಿ ಅದನ್ನು ನೋಡುತ್ತದೆ. ಆದರೆ ಕಲೆಕ್ಟರ ಎದುರು ಪಂಚಾಯತ್ ಹಾಲ್‌ನಲ್ಲಿ ಮೀನುಗಾರ ಹೆಂಗಸೊಬ್ಬಳು ಮೈಕ್ ಹಿಡಿದು "ನಮ್ಮ ಮನೆ ಎಲ್ಲಿ ಹೋಗಬೇಕು ಸಾರ್?" ಎಂದು ಕೇಳಿ, ಆ ಮಾತು ದಾಖಲೆಗೆ ಸೇರುತ್ತಿದ್ದ ಆ ಒಂದು ದಿನ ಈಗ ನಿಯಮದಲ್ಲಿ ಇಲ್ಲ.